ಮಾವನ ನಾಯಿಯ ಉಪವಾಸ

ನಾನು ಭಾರಿ ನಡೆಯುವವನು ಎಂದು ನನಗೆ ನನ್ನ ಮೇಲೆಯೇ ಹೆಮ್ಮೆ. ಹಿಂದೂಪುರದ ಮೈದಾನದಲ್ಲಿ ಬೆಳಿಗ್ಗೆ ಸುತ್ತುತ್ತೇನೆ, ಸುತ್ತಿದ್ದನ್ನು ಸಂಜೆಯವರೆಗೆ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ. ಹಾಗಾಗಿ ಸೆಟ್ಟೂರಿನ ಹತ್ತಿರದ ಹಳ್ಳಿಯಲ್ಲಿ ಮಾವನ ನಾಯಿ ಊಟ ಬಿಟ್ಟಿದೆ ಎಂಬ ಸುದ್ದಿ ಬಂದಾಗ, ಅದಕ್ಕೆ ಮದ್ದು ನನ್ನ ಕಾಲಲ್ಲೇ ಇದೆ ಎಂದು ತೀರ್ಮಾನಿಸಿ, ಹೆಂಡತಿಯನ್ನೂ ಮನೆಯ ಮರಿನಾಯಿಯನ್ನೂ ಕರೆದುಕೊಂಡು ಹೊರಟೆ.

ಉಬ್ಬಸ ಜಾಸ್ತಿಯಾಗಿ ಮಾವ ಕುರಿಗಳನ್ನೆಲ್ಲ ಮಾರಿಬಿಟ್ಟಿದ್ದರು. ಅಂದಿನಿಂದ ಮಂದೆ ಕಾಯುತ್ತಿದ್ದ ಮುದಿನಾಯಿ ಮುದ್ದೆಯನ್ನು ಮೂಸಿಯೂ ನೋಡಿರಲಿಲ್ಲ. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಹೀಗೇ ಬಿಟ್ಟರೆ ಉಳಿಯುವುದಿಲ್ಲ ಎಂದು ದನದ ಡಾಕ್ಟರು ಹೇಳಿ ಹೋಗಿದ್ದರು.

"ಬೆಟ್ಟ ಹತ್ತಿಸಿ ಇಳಿಸಿದರೆ ಹಸಿವು ತಾನಾಗಿಯೇ ಬರುತ್ತೆ" ಎಂದೆ.

"ತಾನೂ ಕೆಟ್ಟು ವನವನ್ನೂ ಕೆಡಿಸ್ತಂತೆ ಕೋತಿ" ಎಂದಳು ಹೆಂಡತಿ. "ನಿಮ್ಮ ಹೊಟ್ಟೆ ಕರಗ್ಲಿ ಅಂತ ಅದನ್ಯಾಕೆ ಎಳ್ಕೊಂಡು ಹೋಯ್ತೀರ?"

ತುಫಾನಿನ ಜಡಿಮಳೆ ಹಿಡಿದಿತ್ತು. ಮಾವ ತಮ್ಮ ಕಂಬಳಿಯನ್ನು ಕೊಪ್ಪೆ ಮಾಡಿ ನನ್ನ ತಲೆಗೆ ಹಾಕಿದರು. ಅದರ ಕುರಿವಾಸನೆಗೆ ಉಸಿರು ಬಿಗಿಹಿಡಿದು ಎರಡು ನಾಯಿಗಳ ಜೊತೆ ಹೊರಟೆ. ಊರಾಚೆ ಮೊಪೆಡ್ಡಿನವನೊಬ್ಬ ನಿಲ್ಲಿಸಿ, "ಎಕ್ಕಡಿಕಿ ಸಾರ್, ಈ ವಾನಲೋ?" ಎಂದ. ಮಳೆಯಾದರೇನು, ವಾಕಿಂಗಿಗೆ ಎಂದೆ. ಅವನು ನಾಯಿಗಳ ಕಡೆ ಕನಿಕರದಿಂದ ನೋಡಿ ಹೋದ.

ಬೇಸಿಗೆಯಲ್ಲಿ ಹೆಂಚಿನಂತೆ ಕಾಯುವ ಬೆಟ್ಟದ ಬುಡ ಅವತ್ತು ಪೂರ್ತಿ ಜೌಗಾಗಿತ್ತು. ಹತ್ತು ಹೆಜ್ಜೆಯೊಳಗೆ ನನ್ನ ಎಡಗಾಲಿನ ಬೂಟು ಕೆಸರಿಗೆ ಸೇರಿತು. ಮರಿನಾಯಿ ಅದನ್ನು ಕಿತ್ತು ತಂದುಕೊಟ್ಟಿತು ಎಂದು ಬರೆಯಲು ಆಸೆ. ಕಿತ್ತಿದ್ದು ನಿಜ, ಕಚ್ಚಿಕೊಂಡು ಎಲ್ಲಿಗೋ ಓಡಿಹೋಯಿತು, ಬರುವಾಗ ಬಾಯಿ ಖಾಲಿಯಿತ್ತು.

ಮೋಡ ಬೆಟ್ಟದ ಸೊಂಟದವರೆಗೆ ಇಳಿದಿತ್ತು. ಮುದಿನಾಯಿ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಅದು ಪ್ರತಿ ಹಳ್ಳದ ಹತ್ತಿರ ನಿಲ್ಲುತ್ತಿತ್ತು, ಪ್ರತಿ ಪೊದೆಯೊಳಗೆ ಇಣುಕುತ್ತಿತ್ತು, ಕಿವಿಯೆತ್ತಿ ಕೇಳಿ ಮುಂದೆ ಹೋಗುತ್ತಿತ್ತು. ನನಗೋಸ್ಕರ ಕಾಯುತ್ತಿದೆ ಎಂದು ಖುಷಿಯಾಗಿದ್ದೆ. ಅದು ಕುರಿಗಳನ್ನು ಹುಡುಕುತ್ತಿದೆ ಎಂದು ಹೊಳೆಯಲು ಅರ್ಧ ಬೆಟ್ಟ ಹತ್ತಬೇಕಾಯಿತು.

ಬಂಡೆಯ ಮರೆಯಲ್ಲಿ ಹೆಂಡತಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದೆ. ನನ್ನ ಚಿತ್ರಾನ್ನವನ್ನು ಮರಿನಾಯಿ ಮುಗಿಸಿತು. ಮುದಿನಾಯಿ ಮಾತ್ರ ತನಗೆಂದೇ ತಂದ ಮುದ್ದೆಯ ಕಡೆಯಿಂದ ಮುಖ ತಿರುಗಿಸಿತು. ಕೈಯಲ್ಲಿ ಹಿಡಿದೆ, ಮುದ್ದು ಮಾಡಿದೆ, ಕೊನೆಗೆ ಒಂದು ಚೂರು ನಾನೇ ತಿಂದು ತೋರಿಸಿದೆ. ಏನೂ ಆಗಲಿಲ್ಲ. ಮುದ್ದೆಯನ್ನು ಚೀಲಕ್ಕೆ ಹಾಕಿ ಮಾವನಿಗೆ ಫೋನು ಮಾಡಿದೆ.

"ಮಂದೆ ರೊಪ್ಪಕ್ಕೆ ಕೂಡೋವರ್ಗೂ ಅದು ಬಾಯಿಗಿಕ್ಕಲ್ಲ ಅಳಿಯಂದ್ರೇ" ಎಂದರು. ರೊಪ್ಪ ಎಂದರೆ ಕುರಿ ಕೂಡುವ ಕಲ್ಲಿನ ದೊಡ್ಡಿ. "ಮರಿ ಇದ್ದಾಗ್ಲಿಂದ ನಾನೇ ಹಂಗೆ ಕಲ್ಸಿದ್ದು. ಕುರಿ ಒಳಕ್ಕೆ ಹೋದ್ಮೇಲೇ ಮುದ್ದೆ." ಕೆಮ್ಮು ಬಂತು. ಅದು ನಿಂತ ಮೇಲೆ, "ಮಂದೆ ಇನ್ನು ಬರಾಕಿಲ್ಲ ಅಂತ ಅದಕ್ಕೆಂಗೆ ಹೇಳಾನ ಕಣಪ್ಪ" ಎಂದರು.

ವಾಕಿಂಗು ಮಾಡಿಸಿ ಅದರ ದುಃಖ ವಾಸಿಮಾಡಲು ಬಂದ ಪಂಡಿತ ನಾನು.

ಅಷ್ಟರಲ್ಲಿ ಮಳೆ ಜೋರಾಯಿತು. ಬೂಟಿಲ್ಲದ ಕಾಲು ಬಂಡೆಯ ಮೇಲೆ ಜಾರಿತು. ಕೂತು ಜಾರಿದೆ, ಆಮೇಲೆ ಮಗುವಿನಂತೆ ಅಂಬೆಗಾಲಿಟ್ಟು ಇಳಿಯತೊಡಗಿದೆ. ಹಿಂದಿನಿಂದ ಬೊಗಳುವುದು ಕೇಳಿತು. ಎಡಕ್ಕೆ ಹೊರಳಿದರೆ ಮುದಿನಾಯಿ ಎಡಕ್ಕೆ ಬಂದು ತಡೆಯಿತು, ಬಲಕ್ಕೆ ಹೊರಳಿದರೆ ಬಲಕ್ಕೆ. ಎದ್ದು ನಿಲ್ಲಲು ನೋಡಿದಾಗ ಹಿಮ್ಮಡಿಗೆ ಹಗುರವಾಗಿ ಹಲ್ಲು ತಾಗಿಸಿತು. ಬೈಯುತ್ತಲೇ ಅದು ಹೇಳಿದ ಕಡೆಗೆ ತೆವಳಿದೆ. ತಲೆಯೆತ್ತಿ ನೋಡಿದರೆ ಪೊದೆ ಬೆಳೆದ ಹಳೆಯ ರೊಪ್ಪವೊಂದರ ಬಾಯಲ್ಲಿದ್ದೆ. ನನ್ನನ್ನು ಒಳಗೆ ತಳ್ಳಿ, ಮರಿನಾಯಿಯನ್ನೂ ಗದರಿಸಿ ಒಳಕ್ಕಟ್ಟಿ, ಅದು ಬಾಗಿಲಿಗೆ ಅಡ್ಡ ಮಲಗಿತು.

ಚೀಲದಿಂದ ಮುದ್ದೆ ತೆಗೆದು ಅದರ ಮುಂದೆ ಇಟ್ಟೆ. ಮೊದಲು ನನ್ನನ್ನು ನೋಡಿತು, ಆಮೇಲೆ ಮರಿನಾಯಿಯನ್ನು. ಆಮೇಲೆ ಬಗ್ಗಿ ತಿಂದಿತು, ನೆಲ ನೆಕ್ಕುವವರೆಗೆ. ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ನಾನು ಜೋರಾಗಿಯೇ ಅತ್ತೆ. ನೋಡುವವರು ಯಾರೂ ಇರಲಿಲ್ಲ ಎಂಬುದು ದೊಡ್ಡ ಅನುಕೂಲ.

ಮಳೆ ನಿಂತ ಮೇಲೆ ಹೊರಡೋಣವೆಂದು ಎದ್ದೆ. ಗುರ್ ಎಂದಿತು. ಕೂತೆ. ಇನ್ನೊಮ್ಮೆ ಎದ್ದೆ, ಇನ್ನೊಮ್ಮೆ ಕೂತೆ. ಕೊನೆಗೆ ಮಾವನಿಗೆ ಫೋನು ಮಾಡಿ, ನಾಯಿ ಉಂಡಿತು, ಬಂದು ನನ್ನನ್ನು ಬಿಡಿಸಿಕೊಂಡು ಹೋಗಲು ಯಾರನ್ನಾದರೂ ಕಳಿಸಿ ಎಂದು ಕೇಳಿಕೊಂಡೆ.