ಕೋಳಿ ಮುಟ್ಟಿದ ಪಾಲಮ್ಮ

ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ ಕಟ್ಟೆ ಏಳುತ್ತಿದ್ದ ಕಾಲ. ಕೆಲಸ ಶುರುವಾದ ಮೂರನೆಯ ವರ್ಷ ಪಾಲಮ್ಮ ಗಂಡನ ಜೊತೆ ಅಲ್ಲಿಗೆ ಕಲ್ಲು ಹೊರಲು ಬಂದಳು. ಗಂಡನ ಹೆಸರು ಚಿತ್ತಪ್ಪ. ಇಬ್ಬರೂ ಮ್ಯಾಸಬೇಡರು, ಅರ್ಧ ದಿನ ನಡೆದರೆ ಸಿಗುವ ಒಂದು ಹಟ್ಟಿಯವರು. ಆ ಹಟ್ಟಿಯಲ್ಲಿ ದನ, ಕುರಿ, ನಾಯಿ ಎಲ್ಲ ಇದ್ದವು, ಕೋಳಿ ಮಾತ್ರ ಇರಲಿಲ್ಲ. ಕೋಳಿ ಅವರ ಕುಲಕ್ಕೆ ಆಗದು. ಸಾಕುವಂತಿಲ್ಲ, ತಿನ್ನುವಂತಿಲ್ಲ, ಮುಟ್ಟಿದವರು ಹಟ್ಟಿಯ ಬೇಲಿ ದಾಟಿ ಒಳಗೆ ಬರುವಂತಿಲ್ಲ. ಪಾಲಮ್ಮ ಹುಂಜದ ಕೂಗನ್ನು ಬೇರೆ ಊರುಗಳ ದಾರಿಯಲ್ಲಿ ಹೋಗುವಾಗ ಕೇಳಿದ್ದಳು, ಅಷ್ಟೇ.

ಕೂಲಿಯವರ ಗುಡಿಸಲುಗಳ ಸಾಲಿನಲ್ಲಿ ಅವಳ ಪಕ್ಕದ ಗುಡಿಸಲು ಇಮಾಂಬೀಯದು. ಇಮಾಂಬೀಯ ಗಂಡ ಅಬ್ದುಲ್ ರಶೀದ್ ಚಿತ್ರದುರ್ಗದವನು, ಎಂಜಿನಿಯರುಗಳ ಬಂಗಲೆಯಲ್ಲಿ ಅಡುಗೆಯವನು. ಬಂಗಲೆಗೆ ಬೆಳಿಗ್ಗೆ ಮೊಟ್ಟೆ ಬೇಕು, ವಾರಕ್ಕೆ ಎರಡು ಸಲ ಕೋಳಿ ಬೇಕು. ಅದಕ್ಕೆಂದು ಇಮಾಂಬೀ ಹಿತ್ತಿಲಲ್ಲಿ ಇಪ್ಪತ್ತು ಕೋಳಿ ಸಾಕಿಕೊಂಡಿದ್ದಳು. ಅವು ತನ್ನ ಬಾಗಿಲಿಗೆ ಬಂದರೆ ಪಾಲಮ್ಮ ದೂರದಿಂದಲೇ ಸೆರಗು ಬೀಸಿ ಓಡಿಸುತ್ತಿದ್ದಳು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಚಿತ್ತಪ್ಪನಿಗೆ ಕೆಮ್ಮು ಹಿಡಿಯಿತು. ಮಳೆಗಾಲ ಮುಗಿದರೂ ಬಿಡಲಿಲ್ಲ. ಪಕ್ಕೆಲುಬು ಎಣಿಸುವ ಹಾಗಾದ. ಔಷಧಿಯ ಗುಡಾರದಲ್ಲಿದ್ದ ಡಾಕ್ಟರು ಎದೆ ಬಡಿದು ನೋಡಿ, ಶೀಶೆಯಲ್ಲಿ ಕೆಂಪು ನೀರು ಕೊಟ್ಟು, ಔಷಧಿಗಿಂತ ಆಹಾರ ಮುಖ್ಯ, ದಿನಾ ಒಂದು ಮೊಟ್ಟೆ, ಒಂದು ಲೋಟ ಹಾಲು ಕೊಡು ಎಂದರು. ವಾಪಸು ಬರುವಾಗ ಚಿತ್ತಪ್ಪ ದಾರಿಯಲ್ಲಿ ಮೂರು ಕಡೆ ಕುಳಿತ. ಮೂರನೆಯ ಸಲ ಕುಳಿತಾಗ ಹೇಳಿದ:

"ಹಾಲು ಸಿಕ್ರೆ ಕುಡಿತೀನಿ. ಇನ್ನೊಂದರ ಮಾತು ಎತ್ತಬ್ಯಾಡ."

ಅವಳು ಎತ್ತಲಿಲ್ಲ. ಹಾಲು ಒಂದು ವಾರ ಸಿಕ್ಕಿತು. ಗಂಡನನ್ನು ಒಬ್ಬನೇ ಬಿಟ್ಟು ಕಲ್ಲು ಹೊರಲು ಹೋಗುವುದು ಆಗದೆ ಕೂಲಿ ನಿಂತಿತು, ಕೂಲಿಯ ಜೊತೆ ಹಾಲೂ ನಿಂತಿತು. ಆಗಲೇ ಇಮಾಂಬೀ ಬೇಲಿಯ ಆಚೆ ನಿಂತು ಕೇಳಿದ್ದು.

"ನನ್ನ ಮಂಡಿ ಹೋಗೈತೆ ಪಾಲಮ್ಮ. ಕೋಳಿ ಹಿಂದೆ ಓಡಾಡಾಕೆ ಆಗಲ್ಲ. ನೀನು ಮನೇಲೇ ಇರ್ತೀಯ, ನೋಡ್ಕಳ್ತೀಯಾ? ಹೊಟ್ಟೆಗೆ ರಾಗಿ ಕೊಡ್ತೀನಿ. ದಿನಕ್ಕೊಂದು ತತ್ತಿ ಬೇಕಾದ್ರೆ ತಗೋ."

ಪಾಲಮ್ಮ ಹಿತ್ತಿಲಲ್ಲಿ ಕೆದಕುತ್ತಿದ್ದ ಕೋಳಿಗಳ ಕಡೆ ನೋಡಿದಳು.

"ಮುಟ್ಟದೇ ನೋಡ್ಕಳ್ಳಾಕೆ ಆಗ್ತದಾ ಬೂಬಮ್ಮ?"

"ಆಗಲ್ಲ," ಎಂದಳು ಇಮಾಂಬೀ.

ಮೊದಲ ದಿನ ಹೇಂಟೆಯನ್ನು ಎರಡು ಕೈಯಲ್ಲಿ ಹಿಡಿಯುವ ತನಕ ಅದರ ಮೈ ಅಷ್ಟು ಬಿಸಿಯಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗರಿಯ ಕೆಳಗೆ ಎದೆ ಡವಡವ ಎನ್ನುತ್ತಿತ್ತು. ಕೆಳಗೆ ಬಿಟ್ಟು, ಕೈ ತೊಳೆದು, ಮತ್ತೆ ತೊಳೆದಳು. ನಾಲ್ಕು ದಿನ ಹಾಗೆ ತೊಳೆದಳು. ಐದನೆಯ ದಿನ ಮರೆತಳು.

ಕೆಲಸವನ್ನು ಇಮಾಂಬೀ ಕುಳಿತಲ್ಲಿಂದಲೇ ಕಲಿಸಿದಳು. ಬರೀ ನುಚ್ಚು ಹಾಕಿದರೆ ಕೋಳಿ ಬೆಳೆಯುವುದಿಲ್ಲ, ಹುಳು ಬೇಕು. ಹಳೆಯ ಮಡಕೆಗೆ ಒದ್ದೆ ಸಗಣಿ, ಹುಲ್ಲು ತುಂಬಿ ಹುತ್ತದ ಬಳಿ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು ತುಂಬಿರುತ್ತದೆ; ಅದನ್ನು ತಂದು ಮರಿಗಳ ಮುಂದೆ ಕೊಡವಬೇಕು. ಕಾವಿಗೆ ಕೂರಿಸುವಾಗ ಬುಟ್ಟಿಯಲ್ಲಿ ಬೂದಿ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಹನ್ನೊಂದು ಮೊಟ್ಟೆ, ಗುಡುಗಿಗೆ ಕೆಡದಿರಲೆಂದು ಒಂದು ಕಬ್ಬಿಣದ ಮೊಳೆ. ಎಂಟನೆಯ ದಿನ ಒಂದೊಂದೇ ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಬೇಕು, ಒಳಗೆ ಕೆಂಪು ಎಳೆ ಕಾಣದಿದ್ದರೆ ಅದು ಬಂಜೆ. ಮರಿ ಇಳಿದ ಮೇಲೆ ಒಂದು ತಿಂಗಳು ಹದ್ದಿನ ಕಾಟ. ಪಾಲಮ್ಮ ಒಂದು ಕಣ್ಣು ಆಕಾಶದ ಮೇಲೆ, ಒಂದು ಕಿವಿ ಗುಡಿಸಲಿನೊಳಗಿನ ಕೆಮ್ಮಿನ ಮೇಲೆ ಇಟ್ಟುಕೊಂಡು ದಿನ ತಳ್ಳಿದಳು. ಸಂಜೆಗೆ ಕುತ್ತಿಗೆ ಎತ್ತಲು ಆಗುತ್ತಿರಲಿಲ್ಲ.

ತನ್ನ ಪಾಲಿನ ಮೊಟ್ಟೆಯನ್ನು ಮೊದಮೊದಲು ಅವಳು ಇಮಾಂಬೀಗೇ ಬಿಟ್ಟು ಬರುತ್ತಿದ್ದಳು. ಒಂದು ಬೆಳಿಗ್ಗೆ ಚಿತ್ತಪ್ಪನ ಕಫದಲ್ಲಿ ರಕ್ತ ಕಂಡಿತು. ಆ ದಿನ ಮೊಟ್ಟೆಯನ್ನು ಸೆರಗಿನ ಗಂಟಿನಲ್ಲಿ ತಂದಳು. ಒಲೆಗೆ ಬೆನ್ನು ಅಡ್ಡ ಮಾಡಿ ಕುಳಿತು, ಕುದಿಯುವ ರಾಗಿ ಗಂಜಿಗೆ ಒಡೆದು ಹಾಕಿ, ಕಾಣದ ಹಾಗೆ ಕಲಕಿ, ವಾಸನೆ ಮುಚ್ಚಲು ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಚಿತ್ತಪ್ಪ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಕುಡಿದು, ಬಾಯಿ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಅವಳಿಗೆ ಆ ದಿನ ಊಟ ಸೇರಲಿಲ್ಲ.

ಎರಡು ತಿಂಗಳು ಹಾಗೆ ಕೊಟ್ಟಳು. ಅವನ ಕೆನ್ನೆ ಒಂಚೂರು ತುಂಬಿತು, ಬಾಗಿಲ ತನಕ ಬಂದು ಬಿಸಿಲಿಗೆ ಕೂರುವಂತಾದ. ನಡುವೆ ಹೇಂಟೆಗಳೆಲ್ಲ ಕಾವಿಗೆ ಕುಳಿತು ಒಂದು ದಿನ ಮೊಟ್ಟೆ ಸಿಗಲಿಲ್ಲ. ಆ ದಿನ ಬರೀ ಗಂಜಿ ಕೊಟ್ಟಳು. ಚಿತ್ತಪ್ಪ ಒಂದು ಗುಟುಕು ಕುಡಿದು ಬಟ್ಟಲು ನೋಡಿದ.

"ಇವತ್ತು ಗಂಜಿ ತೆಳ್ಳಗೈತೆ," ಎಂದ.

ಪಾಲಮ್ಮ ಒಲೆಯ ಬೂದಿ ಕೆದಕುತ್ತ ಕುಳಿತಳು. ಅವನು ಉಳಿದದ್ದನ್ನು ಕುಡಿದು ಬಟ್ಟಲು ಕೆಳಗಿಟ್ಟ. ಮಾರನೆಯ ದಿನ ಅವಳು ಸಾಲಿನ ಕೊನೆಯ ಗುಡಿಸಲಿಗೆ ಹೋಗಿ, ಒಂದು ಹೊರೆ ಸೌದೆ ಕೊಟ್ಟು ಎರಡು ಮೊಟ್ಟೆ ತಂದಳು.

ಚಳಿಗಾಲ ಬಂದಾಗ ರೋಗ ಮತ್ತೆ ತಿರುಗಿತು. ಈ ಸಲ ಯಾವುದಕ್ಕೂ ಬಗ್ಗಲಿಲ್ಲ. ಸಂಕ್ರಾಂತಿಗೆ ಎಂಟು ದಿನ ಇರುವಾಗ ಚಿತ್ತಪ್ಪ ತೀರಿಕೊಂಡ.

ಹಟ್ಟಿಯಿಂದ ಹತ್ತು ಜನ ಬಂದರು. ಮುಂದೆ ಇದ್ದವನು ಪಾಲಮ್ಮನ ಅಣ್ಣ ಅಂಜನಪ್ಪ. ಅವಳು ಕೋಳಿ ಕಾಯುವ ಸುದ್ದಿ ಹಟ್ಟಿಗೆ ಎಂದೋ ತಲುಪಿತ್ತು. ಅಲ್ಲಿಂದ ಬಂದುಹೋಗುವವರು ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟಿದ್ದರು. ಅಂಜನಪ್ಪ ಗುಡಿಸಲಿನ ಒಳಗೆ ಬರಲಿಲ್ಲ. ಹೊರಗೆ ನಿಂತು ತಂಗಿಯನ್ನು ಕರೆದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಹಿರೇರು ಕೇಳಿ ಬಾ ಅಂದವ್ರೆ, ಅದಕ್ಕೆ ಕೇಳ್ತೀನಿ. ನೀನು ಮುಟ್ಟಿದ್ದು ಊರಿಗೇ ಗೊತ್ತೈತೆ. ಅವನು ತಿಂದಿದ್ನಾ?"

ತಿಂದಿದ್ದರೆ ಹೆಣ ಹಟ್ಟಿಗೆ ಹೋಗುವುದಿಲ್ಲ. ತೀರಿಹೋದ ಹಿರಿಯರ ಕಲ್ಲುಗಳ ಸಾಲಿನಲ್ಲಿ ಅವನ ಹೆಸರಿಗೆ ಕಲ್ಲು ಇಡುವುದಿಲ್ಲ. ಹಬ್ಬಕ್ಕೆ ಎಡೆ ಇಲ್ಲ. ಇದೆಲ್ಲ ಪಾಲಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇಲ್ಲ," ಎಂದಳು. "ಡಾಕ್ಟ್ರು ಹೇಳಿದ್ರು. ಸಾಯ್ತೀನಿ, ತಿನ್ನಲ್ಲ ಅಂದ. ಮುಟ್ಟಿದೋಳು ನಾನೊಬ್ಳೇ."

ಅಂಜನಪ್ಪ ನಿಟ್ಟುಸಿರು ಬಿಟ್ಟ. ಹೆಣ ಎತ್ತಿದರು. ಪಾಲಮ್ಮ ಹಿಂದೆ ನಾಲ್ಕು ಹೆಜ್ಜೆ ಇಟ್ಟಳು. ಅಣ್ಣ ತಿರುಗಿ ನೋಡಿ, ತಲೆ ತಗ್ಗಿಸಿ, "ನೀನು ಬರಂಗಿಲ್ಲ ಪಾಲಮ್ಮ," ಎಂದ. ಅವಳು ನಿಂತಳು. ಇಮಾಂಬೀ ಕುಂಟುತ್ತ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಆಮೇಲೆ ಅವಳಿಗೆ ಕೋಳಿ ಸಾಕುವುದನ್ನು ಬಿಟ್ಟು ಬೇರೆ ಬದುಕು ಉಳಿಯಲಿಲ್ಲ. ಇಮಾಂಬೀ ಎರಡು ಹೇಂಟೆ, ಒಂದು ಹುಂಜ ಕೊಟ್ಟಳು. ಅವು ಮೂವತ್ತಾದವು. ಒಂದು ಬೇಸಿಗೆ ಕೋಳಿಗಳಿಗೆ ಬೇನೆ ಬಂದು, ಕುತ್ತಿಗೆ ತಿರುಚಿಕೊಂಡು ಸುತ್ತಿ ಸುತ್ತಿ ಬಿದ್ದು, ನಾಲ್ಕೇ ದಿನದಲ್ಲಿ ಮೂರು ಉಳಿದವು. ಗುಂಡಿ ತೋಡಿ ಹೂತು ಮತ್ತೆ ಕಾವಿಗೆ ಕೂರಿಸಿದಳು. ಕೊಯ್ಯುವುದನ್ನು ಮಾತ್ರ ಅವಳು ಕಲಿಯಲಿಲ್ಲ. ರಶೀದನ ಕೈಗೆ ಕೊಟ್ಟು ಬೆನ್ನು ತಿರುಗಿಸುತ್ತಿದ್ದಳು. ಮೊಟ್ಟೆಯನ್ನು ಒಂದು ದಿನವೂ ತಿನ್ನಲಿಲ್ಲ. ಯಾಕೆ ಎಂದು ಇಮಾಂಬೀ ಕೇಳಿದಾಗ, "ಆಸೆ ಆಗಲ್ಲ ಬೂಬಮ್ಮ," ಎಂದಳು.

ಕಟ್ಟೆ ಮುಗಿಯಿತು. ನೀರು ನಿಂತಿತು. ಎಂಜಿನಿಯರುಗಳು ಹೋದರು, ಬಂಗಲೆಯ ಅಡುಗೆಮನೆ ಬಾಗಿಲು ಹಾಕಿತು, ರಶೀದ್ ಮತ್ತು ಇಮಾಂಬೀ ಗಾಡಿ ಕಟ್ಟಿಸಿಕೊಂಡು ದುರ್ಗಕ್ಕೆ ಹೊರಟರು. ಗುಡಿಸಲುಗಳ ಸಾಲಿನಲ್ಲಿ ಮುಕ್ಕಾಲು ಪಾಲು ಖಾಲಿಯಾಯಿತು. ಆ ಸುದ್ದಿ ಕೇಳಿ ಅಂಜನಪ್ಪ ಬಂದ. ಈ ಸಲ ಬಾಗಿಲ ಮುಂದಿನ ಕಲ್ಲಿನ ಮೇಲೆ ಕುಳಿತ. ಅವನ ತಲೆ ನರೆತಿತ್ತು.

"ಹಿರೇರು ಒಪ್ಪವ್ರೆ ಕಣವ್ವ. ಕೋಳಿ ಎಲ್ಲ ಬಿಟ್ಟು ಬಾ. ಹೊಳೇಲಿ ಮುಳುಗಿಸಿ ಒಳಗೆ ಕರ್ಕಳ್ತಾರೆ. ದೇವ್ರ ಮುಂದೆ ನಿಂತು ನಡೆದದ್ದು ನಡೆದಂಗೆ ಹೇಳಬೇಕು, ಅಷ್ಟೇ."

"ಎಲ್ಲಾನೂ ಹೇಳಬೇಕಾ?"

"ದೇವ್ರ ಮುಂದೆ ಮುಚ್ಚಿಡಾಕೆ ಬರ್ತದಾ?"

ಪಾಲಮ್ಮನಿಗೆ ಹಟ್ಟಿಯ ಆಸೆ ಇರಲಿಲ್ಲ ಎಂದಲ್ಲ. ಎಷ್ಟೋ ಸಲ ನಡುಹಗಲಲ್ಲಿ ಬೇಲಿಯ ಮುಳ್ಳು, ಕುರಿಯ ವಾಸನೆ, ತನ್ನವರ ಮಾತು ನೆನಪಾಗಿ ಕೈಯ ಕೆಲಸ ನಿಂತುಬಿಡುತ್ತಿತ್ತು. ದೇವರ ಮುಂದೆ ಸುಳ್ಳು ಹೇಳುವ ಧೈರ್ಯ ಅವಳಿಗಿರಲಿಲ್ಲ. ನಿಜ ಹೇಳಿದರೆ ಚಿತ್ತಪ್ಪನ ಕಲ್ಲು ಕೀಳುತ್ತಾರೆ. ಎರಡನ್ನೂ ತೂಗುತ್ತ ಕುಳಿತುಕೊಳ್ಳುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಕೋಳಿ ಬಿಡಾಕೆ ಆಗಲ್ಲ ಅಣ್ಣ," ಎಂದಳು. "ರೂಢಿ ಆಗೈತೆ."

ಅಂಜನಪ್ಪನಿಗೆ ಸಿಟ್ಟು ಬಂತು. ಕೋಳಿ ಅಣ್ಣತಮ್ಮಂದಿರಿಗಿಂತ ಹೆಚ್ಚಾಯಿತಾ ಎಂದು ಕೇಳಿದ. ಎದ್ದು ಹೊರಟವನನ್ನು ಅವಳು ಒಂದು ಮಾತು ಕೇಳಿದಳು.

"ಅವನಿಗೆ ಹಬ್ಬದಾಗೆ ಎಡೆ ಇಡ್ತೀರಾ?"

"ಇಡದೇ ಏನು? ವರ್ಷಾ ಇಡ್ತೀವಿ."

"ಹಂಗಾದ್ರೆ ಸರಿ."

ಆ ವಾರವೇ ಅವಳು ಕೋಳಿಗಳನ್ನು ಎರಡು ಬುಟ್ಟಿಗಳಲ್ಲಿ ಮುಚ್ಚಿ, ಸರಕು ಒಯ್ಯುವ ಗಾಡಿಯ ಹಿಂದೆ ಇಟ್ಟು, ತಾನು ಪಕ್ಕದಲ್ಲಿ ನಡೆಯುತ್ತ ಹಿರಿಯೂರಿಗೆ ಬಂದಳು. ಹೊಳೆಯ ದಂಡೆಯಲ್ಲಿ, ಊರಿನ ಅಂಚಿಗೆ ಒಂದು ಗೋಡೆ ಬಿದ್ದ ಮನೆ ಸಿಕ್ಕಿತು. ದಾರಿಹೋಕರು ತಂಗುವ ಮುಸಾಫಿರಖಾನೆಯವರು ಮೊಟ್ಟೆ ಕೊಳ್ಳುತ್ತಿದ್ದರು. ಬಾಣಂತಿಯರ ಮನೆಯಿಂದ ಕೋಳಿ ಕೇಳಿಕೊಂಡು ಬರುತ್ತಿದ್ದರು. ಯಾವ ಕುಲದವಳು ಎಂದು ಕೇಳಿದವರಿಗೆ ಮಾರಿಕಣಿವೆಯಿಂದ ಬಂದವಳು ಎನ್ನುತ್ತಿದ್ದಳು.

ಅಲ್ಲಿ ಇನ್ನೂ ಹದಿನಾರು ವರ್ಷ ಬದುಕಿದಳು. ಕಣ್ಣು ಮಂಜಾದ ಮೇಲೆ ಹದ್ದು ಅವಳಿಗೆ ಕಾಣುತ್ತಿರಲಿಲ್ಲ. ಹೇಂಟೆ ಕೂಗಿದ ರೀತಿಯಿಂದ ತಿಳಿದು ಕೋಲು ಬೀಸುತ್ತಿದ್ದಳು. ಕೆಲವು ದಿನ ಬೆಳಿಗ್ಗೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಬುಟ್ಟಿಯೊಳಗೆ ಕೋಳಿಗಳು ಕೆದಕಾಡುವ ಸದ್ದು ಕೇಳುತ್ತ ಸ್ವಲ್ಪ ಹೊತ್ತು ಮಲಗಿರುತ್ತಿದ್ದಳು. ಆಮೇಲೆ ಗೋಡೆ ಹಿಡಿದು ಎದ್ದು, ನುಚ್ಚಿನ ಮೊರ ಹುಡುಕಿ, ಬುಟ್ಟಿ ಎತ್ತುತ್ತಿದ್ದಳು.