ಕರೆಂಟು ಹೋಗಿರಲಿಲ್ಲ

ಯಂತ್ರ ಕೆಟ್ಟರೆ ಎದುರಿಗಿರುವ ಮನುಷ್ಯರ ಮೇಲೆ ರೇಗುವುದು ನನ್ನ ಹಳೆಯ ಚಾಳಿ. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಆ ಚಾಳಿಯಿಂದ ಬೈಲಹೊಂಗಲದ ಒಬ್ಬ ಹೆಂಗಸಿಗೆ ನಾನು ಮಾಡಿದ್ದನ್ನು ಬರೆಯಬೇಕಾಗಿದೆ. ಅವತ್ತು ನನಗೆ ತಲೆಬುಡ ಏನೂ ತಿಳಿದಿರಲಿಲ್ಲ. ತಿಳಿದಿದೆ ಎಂಬ ಜಂಬವೊಂದಿತ್ತು.

ನಾನು ಸವದತ್ತಿಯವಳು. ಡಿಪ್ಲೊಮಾ ಮುಗಿಸಿ ಪುಣೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಗೆ ಅಲ್ಲಿ ಹೊಸದಾಗಿ ಮೈಕ್ರೊಪ್ರೊಸೆಸರ್ ಜೋಡಿಸಿದ್ದೆವು. ಮುರಿದ ಬಾಚಣಿಗೆಯ ತುಂಡಿನಂತಿದ್ದ ಆ ಎಲೆಕ್ಟ್ರಾನಿಕ್ ಚಿಪ್ಪು ಒಳಗಿನ ಶಾಖವನ್ನು ಕ್ಷಣಕ್ಷಣಕ್ಕೂ ನೋಡಿ ಬಲ್ಬುಗಳನ್ನು ಹೊತ್ತಿಸಬೇಕು, ಆರಿಸಬೇಕು. ಪರೀಕ್ಷೆಗೆಂದು ಒಂದನ್ನು ಬೈಲಹೊಂಗಲಕ್ಕೆ ಕಳಿಸಿದಾಗ, ಭಾಷೆ ಬರುತ್ತದೆಂದು ನನ್ನನ್ನೂ ಅದರ ಜೊತೆ ಕಳಿಸಿದರು.

ಪೆಟ್ಟಿಗೆ ತರಿಸಿಕೊಂಡಾಕೆಗೆ ಐವತ್ತು ದಾಟಿತ್ತು. ಮರಿ ಮಾಡಿಸುವುದರಲ್ಲಿ ಹೆಸರಾದವರು. ಸಂಗೊಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊಟ್ಟಿನ ಮೇಲೆ ಮೊಟ್ಟೆ ಇಟ್ಟು ತರುತ್ತಿದ್ದರು. ಒಂದೊಂದು ಮನೆಯ ಮೊಟ್ಟೆಗೆ ಇದ್ದಿಲಿನ ಒಂದೊಂದು ಗುರುತು. ಮರಿಯಾದ ಮೇಲೆ ಅರ್ಧ ಅವರಿಗೆ, ಅರ್ಧ ಈಕೆಗೆ. ಈಕೆಯ ಕೈಗುಣ ಒಳ್ಳೆಯದೆಂಬ ನಂಬಿಕೆಯ ಮೇಲೆಯೇ ಆ ಪಾಲು ನಡೆದಿತ್ತು. ಕಾವು ಕೂತ ಕೋಳಿಗಳು ಸಾಲದೆ ಹೋದವೆಂದು ಪೆಟ್ಟಿಗೆಗೆ ಒಪ್ಪಿಕೊಂಡಿದ್ದರು.

ದಿನಕ್ಕೆ ನಾಲ್ಕೈದು ಸಲ ಮುಚ್ಚಳ ತೆರೆದು, ಒಂದು ಮೊಟ್ಟೆ ಎತ್ತಿ, ಮುಚ್ಚಿದ ಕಣ್ಣಿನ ರೆಪ್ಪೆಗೆ ಹಚ್ಚಿ ನೋಡುತ್ತಿದ್ದರು. ಶಾಖ ಎಷ್ಟಿದೆಯೆಂದು ಮುಂದೆ ಕೆಂಪು ಅಂಕಿ ಉರಿಯುತ್ತದಲ್ಲ ಎಂದು ನಾನು ಸಿಡುಕಿದರೆ, "ಉರೀಲಿ ಬಿಡ್ರಿ ಬಾಯಾರ. ಅಂಕಿ ಎಂದಾರ ಕಾವಿಗೆ ಕುಂತಿತ್ತೇನು?" ಎಂದು ನಗುತ್ತಿದ್ದರು.

ಮೊದಲ ವಾರದಲ್ಲೇ ಎರಡು ಸಲ, ಮಧ್ಯಾಹ್ನ, ಅಂಕಿಗಳು ಅಡ್ಡಾದಿಡ್ಡಿ ಓಡಿದವು. ಎರಡೂ ಸಲ ಆಕೆ ಊಟ ಮುಗಿಸಿ ಬಂದು ಆಗಷ್ಟೇ ಮುಚ್ಚಳ ತೆರೆದಿದ್ದರು.

"ಕರೆಂಟ್ ಹೋಗಿತ್ತೇನ್ರಿ?" ಎಂದು ಕೇಳಿದೆ.

"ಇಲ್ಲರಿ, ಲೈಟ್ ಉರಿಯಾಕ ಹತ್ತಿತ್ತು. ಒಂಚೂರು ಸಣ್ಣ ಆಗಿತ್ತು ನೋಡ್ರಿ."

ಆ ಕೊನೆಯ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಕರೆಂಟು ಇರುತ್ತದೆ ಇಲ್ಲವೇ ಹೋಗುತ್ತದೆ, ನಮ್ಮ ವರ್ಕ್‌ಶಾಪಿನಲ್ಲಿ ಯಾರೂ ಮೂರನೆಯದನ್ನು ಎಣಿಸಿರಲಿಲ್ಲ. ಆದರೂ ಇರಲಿ ಎಂದು ಸ್ವಿಚ್ಚನ್ನು ಇಪ್ಪತ್ತು ಸಲ ಆರಿಸಿ ಹಾಕಿದೆ. ಇಪ್ಪತ್ತು ಸಲವೂ ಯಂತ್ರ ಮೊದಲಿನಿಂದ ನೆಟ್ಟಗೆ ಶುರುವಾಯಿತು. ಹಾಗಿದ್ದರೆ ಮಧ್ಯಾಹ್ನ ಏನಾಯಿತು? ಚಿಪ್ಪೋ, ತಂತಿಯೋ, ಸೆಕೆಯೋ? ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಯಿತು. ಕೊನೆಗೆ ಕಣ್ಣಿಗೆ ಕಂಡದ್ದು ಆಕೆಯ ಕೈ.

ಹದಿನೆಂಟನೆಯ ದಿನ ನಾನು ಸವದತ್ತಿಗೆ ಹೋಗಿದ್ದೆ. ಆಕೆ ಮಧ್ಯಾಹ್ನ ಕಣ್ಣು ಹತ್ತಿ ಮಲಗಿದ್ದರು. ಎದ್ದು ಬಂದು ನೋಡಿದರೆ ಬಲ್ಬುಗಳೆಲ್ಲ ಒಂದೇ ಸಮ ಉರಿಯುತ್ತಿದ್ದವು, ಮೊಟ್ಟೆಯೊಳಗಿನ ಒಂದು ಮರಿಯೂ ಜೀವಂತ ಉಳಿದಿರಲಿಲ್ಲ. ಮೂರು ದಿನದ ಮೇಲೆ ಮರಿ ಒಯ್ಯಲು ಬಂದ ಸಂಗೊಳ್ಳಿಯವರ ಎದುರಿಗೇ ನಾನು ಅಂದೆ, "ಇವರು ಮ್ಯಾಲಿಂದ ಮ್ಯಾಲೆ ಕೈ ಹಾಕಿದ್ದಕ್ಕ ಹೋದೂ ನೋಡ್ರಿ." ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಖಾಲಿ ಬುಟ್ಟಿ ಎತ್ತಿಕೊಂಡು ಹೋದರು. ನಾನು ಪುಣೆಗೆ ಹೋಗಿ ಅದನ್ನೇ ವರದಿಯಲ್ಲಿ ಬರೆದೆ.

ಎರಡು ತಿಂಗಳ ಮೇಲೆ ಪೆಟ್ಟಿಗೆ ವಾಪಸ್ ತರಲು ಮತ್ತೆ ನನ್ನನ್ನೇ ಕಳಿಸಿದರು. ಕಟ್ಟುವ ಮುಂಚೆ ಒಮ್ಮೆ ಹಾಕಿ ನೋಡಿದೆ. ಆಕೆ ಅಂಗಳದಾಚೆ ಕಟ್ಟೆಯ ಮೇಲೆ ಕೂತಿದ್ದರು. ಊಟದ ಬಿಡುವು ಮುಗಿದು ಪಕ್ಕದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನ ದೊಡ್ಡ ಮೋಟಾರು ಶುರುವಾಯಿತು. ಪೆಟ್ಟಿಗೆ ಇಟ್ಟಿದ್ದ ಶೆಡ್ಡಿನ ಬಲ್ಬು ಅರಿಸಿನಬಣ್ಣಕ್ಕೆ ಇಳಿದು ಮತ್ತೆ ಏರಿತು. ಅಷ್ಟರಲ್ಲಿ ಕೆಂಪು ಅಂಕಿಗಳು ಹುಚ್ಚೆದ್ದು ಓಡುತ್ತಿದ್ದವು. ಮುಚ್ಚಳ ಮುಚ್ಚಿಯೇ ಇತ್ತು.

ಮಾರನೆಯ ಮಧ್ಯಾಹ್ನ ಮೀಟರು ಹಚ್ಚಿಕೊಂಡು ಕಾದೆ. ಚಿಪ್ಪಿಗೆ ಐದು ವೋಲ್ಟ್ ಬೇಕು. ಮೋಟಾರು ಏಳುವಾಗ ಮುಳ್ಳು ನಾಲ್ಕರ ಹತ್ತಿರ ಇಳಿದು ಮೇಲೇರಿತು. ಅಷ್ಟು ಕಡಿಮೆಯಾದರೆ ಚಿಪ್ಪು ಸಾಯುವುದಿಲ್ಲ. ಎಚ್ಚರವಿದ್ದೂ ಏನೇನೋ ಮಾಡುತ್ತದೆ, ವೋಲ್ಟೇಜು ಸರಿಯಾದ ಮೇಲೂ ದಾರಿ ತಪ್ಪಿಯೇ ಇರುತ್ತದೆ. ಮತ್ತೆ ಮೊದಲಿನಿಂದ ಶುರುಮಾಡಿಸುವ ರಿಸೆಟ್ಟಿಗೆ ನಾವು ಹಾಕಿದ್ದು ಬರೀ ಒಂದು ರೆಸಿಸ್ಟರು, ಒಂದು ಕೆಪಾಸಿಟರು. ಕರೆಂಟು ಪೂರ್ತಿ ಹೋದರೆ ಕೆಪಾಸಿಟರು ಬರಿದಾಗುತ್ತದೆ, ಬಂದಾಗ ಅದು ತುಂಬುವ ತನಕ ಚಿಪ್ಪು ತಡೆದು ನಿಂತು ಆಮೇಲೆ ಸರಿಯಾಗಿ ಏಳುತ್ತದೆ. ನನ್ನ ಇಪ್ಪತ್ತು ಪರೀಕ್ಷೆಯೂ ಅದೇ. ಅರೆಗಳಿಗೆಯ ಇಳಿತಕ್ಕೆ ಅದು ಬರಿದಾಗುವುದೇ ಇಲ್ಲ. ವೋಲ್ಟೇಜನ್ನು ಸದಾ ಒಂದು ಅಳತೆಗೆ ಹೋಲಿಸಿ ನೋಡುತ್ತ, ಅದಕ್ಕಿಂತ ಇಳಿದ ಕೂಡಲೇ ಚಿಪ್ಪನ್ನು ಹಿಡಿದು ನಿಲ್ಲಿಸಿ, ಸರಿಯಾಗಿ ಸ್ವಲ್ಪ ಹೊತ್ತಾದ ಮೇಲೆಯೇ ಬಿಡುವ ಸರ್ಕ್ಯೂಟು ಬೇಕಿತ್ತು. ಅದನ್ನು ನಾವು ಹಾಕಿರಲಿಲ್ಲ.

ನನಗೆ ನಾಚಿಕೆಯಾಯಿತು. ಅವತ್ತೂ ಆಕೆ ಕೂತಿದ್ದ ಕಟ್ಟೆಯ ಹತ್ತಿರ ಹೋಗಿ ತಿಳಿದಷ್ಟನ್ನು ಹೇಳಿದೆ. ತಪ್ಪು ನಮ್ಮದು, ನಿಮ್ಮ ಕೈಯದಲ್ಲ, ಸಂಗೊಳ್ಳಿಗೆ ಹೋಗಿ ಅವರಿಗೂ ಹೇಳಿ ಬರುತ್ತೇನೆ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ಖರೇನೇನ್ರಿ?" ಎಂದು ಎರಡು ಸಲ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು: "ಕಲಿತವರು ನೀವು ಹೇಳಿದ ಮ್ಯಾಲೆ ನಾನೂ ಹಂಗ ಅನಕೊಂಡೇನ್ರಿ. ಸೊಸಿ ಹಡದು ತಿಂಗಳಾತು. ಕೂಸಿಗೆ ಎಣ್ಣಿ ಹಚ್ಚಿ ಎರೀರಿ ಅಂತ ದಿನಾ ಕರೀತಾಳ. ನನ್ನ ಕೈ ಬ್ಯಾಡವಾ ಅಂದೇನಿ. ಇನ್ನತನಾ ಎತ್ತಿಕೊಂಡಿಲ್ಲರಿ ನಾ."

ಆಕೆ ಎದ್ದು, ನನ್ನನ್ನು ಅಲ್ಲೇ ಬಿಟ್ಟು, ಸೊಸೆಯನ್ನು ಕೂಗುತ್ತ ಒಳಗೆ ಹೋದರು.