ತಾತ್ಕಾಲಿಕ ಎಂದು ಬರೆದ ಫೈಲು

ನೀಲಮ್ಮ, ನಿಮ್ಮ ಮಗಳ ರಕ್ತಪರೀಕ್ಷೆಯ ವರದಿಯನ್ನು ಫೈಲಿನಿಂದ ತೆಗೆದವಳು ನಾನು. ಅದು ಬರಲೇ ಇಲ್ಲವೆಂದು ಡಾಕ್ಟರರಿಗೆ ಹೇಳಿದವಳೂ ನಾನೇ. ಆ ಹಾಳೆ ಈಗಲೂ ನನ್ನ ಬೀರುವಿನಲ್ಲಿದೆ — ಮದುವೆ ಸೀರೆಯ ಮಡಿಕೆಯೊಳಗೆ. ಎಸೆಯುವ ಧೈರ್ಯ ಬರಲಿಲ್ಲ, ತೋರಿಸುವ ಧೈರ್ಯವಂತೂ…

ನಿಮಗೆ ನನ್ನ ಮುಖ ನೆನಪಿರಲಿಕ್ಕಿಲ್ಲ. ತೊಂಬತ್ತರ ದಶಕದ ಕೊನೆಯ ಮಾತು. ಹೆಬ್ಬಗೋಡಿಯ ಹತ್ತಿರದ ಆ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ, ಮೆಟ್ಟಿಲ ಕೆಳಗಿನ ಕಿಂಡಿಯ ಹಿಂದೆ ಕೂತಿರುತ್ತಿದ್ದೆ. ಮನೆಗೆ ಹೋದ ರೋಗಿಗಳ ಫೈಲು ಓದಿ, ಅವರ ಕಾಯಿಲೆಗೆ ಗೊತ್ತುಮಾಡಿದ ಸಂಖ್ಯೆಯನ್ನು ಹುಡುಕಿ ರಟ್ಟಿನ ಮೇಲೆ ಬರೆಯುವುದು ನನ್ನ ಕೆಲಸ. ಸಂಖ್ಯೆಗಳ ಹೊಸ ದಪ್ಪ ಪುಸ್ತಕ ಆಗಷ್ಟೇ ಬಂದಿತ್ತು. ಅದು ಅರ್ಥವಾಗುವುದು ಇಡೀ ಆಸ್ಪತ್ರೆಯಲ್ಲಿ ನನಗೊಬ್ಬಳಿಗೇ ಎಂಬ ಜಂಬ ಬೇರೆ.

ಹುಟ್ಟಿದ ವಾರದಲ್ಲಿ ನಿಮ್ಮ ಮಗಳಿಗೆ ಥೈರಾಯಿಡ್ ಹಾರ್ಮೋನು ಕಡಿಮೆ ಇತ್ತು. ಹೆರಿಗೆಯ ಹೊತ್ತಿನಲ್ಲಿ ಹಚ್ಚಿದ ಅಯೋಡಿನ್‌ನಿಂದ ಹಾಗಾಗಿರಬಹುದು, ತಾನಾಗಿ ಸರಿಹೋಗಬಹುದು, ಮೂರನೇ ವಾರ ಮತ್ತೆ ರಕ್ತ ನೋಡಿ ತೀರ್ಮಾನಿಸೋಣ — ಹೀಗೆಂದು ಡಾಕ್ಟರರು ಬರೆದಿದ್ದರು. ಮೂರನೇ ವಾರ ರಕ್ತವನ್ನೂ ತೆಗೆದರು. ವರದಿ ಸಿಟಿಯ ಲ್ಯಾಬಿನಿಂದ ಬರಬೇಕಿತ್ತು. ಅಷ್ಟರಲ್ಲಿ ನಮ್ಮಲ್ಲಿ ತಪಾಸಣೆ. ಒಂದು ಫೈಲೂ ಬಾಕಿ ಉಳಿಯಬಾರದೆಂದು ಮೇಲಿನವರ ಅಪ್ಪಣೆ. ಸಂಖ್ಯೆ ಬರೆಯದೆ ಫೈಲು ಮುಚ್ಚುವಂತಿಲ್ಲ. ವರದಿ ಬಾರದೆ ಸಂಖ್ಯೆ ಬರೆಯುವಂತಿಲ್ಲ. ಹುಟ್ಟಿನಿಂದ ಬಂದ, ಬದುಕಿಡೀ ಮಾತ್ರೆ ಬೇಡುವ ಕೊರತೆಗೆ ಒಂದು ಸಂಖ್ಯೆ. ಹಸುಗೂಸಿನ ತಾತ್ಕಾಲಿಕ ತೊಂದರೆಗೆ ಇನ್ನೊಂದು — ಪಿ ಎಪ್ಪತ್ತೆರಡು. ನಾನು ಪಿ ಎಪ್ಪತ್ತೆರಡು ಎಂದು ಬರೆದೆ. ವರದಿ ಬಂದ ಮೇಲೆ ತಿದ್ದಿದರಾಯಿತು ಎಂದುಕೊಂಡೆ. ಫೈಲು ಮುಗಿದವುಗಳ ಕಪಾಟು ಸೇರಿತು.

ಒಂದು ಸೋಮವಾರ ನೀವು ಬಂದಿರಿ. ಕಟ್ಟಡದ ಕೆಲಸದಿಂದ ನೇರ ಬಂದಿದ್ದಿರಿ, ಸೀರೆಯ ಅಂಚಿನಲ್ಲಿ ಸಿಮೆಂಟು.

"ರಿಪೋರ್ಟ್ ಬಂದೈತೇನ್ರೀ ಅಕ್ಕಾರ?"

ಫೈಲು ತೆಗೆದು ರಟ್ಟಿನ ಮೇಲಿನ ಸಂಖ್ಯೆ ನೋಡಿದೆ. ನಾನೇ ಅಂದಾಜಿಗೆ ಬರೆದದ್ದು — ಯಾರೋ ತಿಳಿದವರು ಬರೆದಂತೆ ನಂಬಿಬಿಟ್ಟೆ. ಒಳಗೆ ವರದಿ ಇದೆಯೇ ಎಂದು ತೆರೆದು ನೋಡಲಿಲ್ಲ.

"ತಾತ್ಕಾಲಿಕ ಅಷ್ಟೇ ಕಣಮ್ಮ, ಫೈಲ್ ಮುಗ್ದಿದೆ. ಭಯ ಏನಿಲ್ಲ, ಹೋಗು."

ನಿಮ್ಮ ಮುಖ ಅರಳಿತು. "ನಮ್ಮ ಕೂಸು ಅಳೂದ ಇಲ್ರೀ. ಬಾಳ ಶ್ಯಾಣ್ಯಾ ಐತಿ."

ಪುಣ್ಯವಂತೆ ಎಂದೆ. ಕೂಸು ಅಳದಿರುವುದೂ ಆ ಕಾಯಿಲೆಯ ಒಂದು ಲಕ್ಷಣವೆಂದು ಆಮೇಲೆ ಓದಿದೆ.

ಎಂಟು ದಿನದ ನಂತರ ವರದಿ ಬಂತು. ಅಂಕಿಯ ಸುತ್ತ ಕೆಂಪು ಶಾಯಿಯ ಗೆರೆ. ಆವತ್ತೇ ಡಾಕ್ಟರರ ಮೇಜಿಗೆ ಕೊಂಡೊಯ್ದಿದ್ದರೆ — ನಿಮಗೊಂದು ಕಾರ್ಡು ಬರೆಯುತ್ತಿದ್ದರು, ದಿನಕ್ಕೊಂದು ಮಾತ್ರೆ ಶುರುವಾಗುತ್ತಿತ್ತು, ಮಗಳು ಎಲ್ಲರಂತೆ ಬೆಳೆಯುತ್ತಿದ್ದಳು. ಆದರೆ ವರದಿಯಿಲ್ಲದೆ ಫೈಲು ಮುಚ್ಚಿದವರು ಯಾರೆಂದು ಕೇಳುತ್ತಾರಲ್ಲ! ನಾಳೆ ಹೇಳೋಣ ಎಂದು ಅದನ್ನು ಫೈಲಿನೊಳಗೆ ಸೇರಿಸಿದೆ. ನಾಳೆಯಾದಾಗ, ನಿನ್ನೆಯೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಸೇರಿಕೊಂಡಿತು. ದಿನ ಕಳೆದಷ್ಟೂ ಬಾಯಿ ಇನ್ನಷ್ಟು ಕಟ್ಟಿತು. ಯಾರು ಯಾವ ಫೈಲು ಕೇಳಿದರೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರಂತೆ, ನಾನು ಬೆಚ್ಚುತ್ತಿದ್ದೆ. ಮನೆಯ ತಾಪತ್ರಯಗಳಿದ್ದವು, ಕೆಲಸ ಇನ್ನೂ ಕಾಯಂ — ಬೇಡ. ಅವನ್ನು ಹೇಳಿದರೆ ನೆಪವಾಗುತ್ತದೆ.

ಎರಡು ವರ್ಷದ ಮಗಳನ್ನು ಕಂಕುಳಲ್ಲಿಟ್ಟುಕೊಂಡು ನೀವು ಮತ್ತೆ ಬಂದಿರಿ. ಅವಳಿಗೆ ನಿಲ್ಲಲು ಬರುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಹೊಸದಾಗಿ ಸೇರಿದ್ದ ಡಾಕ್ಟರರು ಹಳೆಯ ಫೈಲು ತರಿಸಿದರು. ಮೆಟ್ಟಿಲು ಹತ್ತುವಾಗ ವರದಿಯನ್ನು ತೆಗೆದು ರವಿಕೆಯೊಳಗೆ ಸೇರಿಸಿಕೊಂಡೆ.

"ಎರಡನೇ ರಿಪೋರ್ಟ್ ಎಲ್ಲಿ?"

"ಬಂದಿಲ್ಲ ಸಾರ್. ಇವರೂ ಕೇಳ್ಕೊಂಡು ಬರ್ಲೇ ಇಲ್ಲ."

ನೀವು ನನ್ನತ್ತ ತಿರುಗಿದಿರಿ. ಕೋಪವಿರಲಿಲ್ಲ, ಬರೀ ಗಾಬರಿ. "ಬಂದಿದ್ನಲ್ರೀ ಅಕ್ಕಾರ…"

ಡಾಕ್ಟರರು ಹಾಳೆ ತಿರುವಿದರು. "ಇಲ್ಲಿ ಎಂಟ್ರಿನೇ ಇಲ್ವಲ್ಲಮ್ಮ. ಬರೆದಿಲ್ಲ ಅಂದ್ರೆ ಬಂದಿಲ್ಲ ಅಂತಾನೇ."

ನಮ್ಮ ಕಸುಬಿನ ಮೊದಲ ಪಾಠವದು: ಬರೆಯದೇ ಇದ್ದದ್ದು ನಡೆದೇ ಇಲ್ಲ. ನೀವು ಬಂದದ್ದನ್ನು ಬರೆದುಕೊಳ್ಳಬೇಕಾಗಿದ್ದವಳು ನಾನು. ಓದಲು ಬಾರದ ನೀವು ಆ ಹಾಳೆಯನ್ನೇ ನೋಡುತ್ತ ನಿಂತಿರಿ. ಆಮೇಲೆ ತಲೆ ತಗ್ಗಿಸಿ, "ತಪ್ಪಾತ್ರೀ ಸಾಹೇಬ್ರ," ಎಂದಿರಿ. ಮಾತ್ರೆ ಶುರುವಾಯಿತು, ಆದರೆ ಮಿದುಳು ಬೆಳೆಯುವ ಕಾಲ ಕಳೆದುಹೋಗಿತ್ತು. ನಾನು ಕೆಳಗಿಳಿದು ಬಂದು ಹೊಸ ರಟ್ಟಿನ ಮೇಲೆ ಆ ಮೊದಲ ಸಂಖ್ಯೆಯನ್ನು, ಬದುಕಿಡೀ ಉಳಿಯುವುದನ್ನು, ಬರೆದೆ. ಅಂಕಿಗಳು ಎಂದಿನಂತೆ ದುಂಡಗೇ ಬಂದವು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಕಳೆದ ತಿಂಗಳು ಹೆಬ್ಬಗೋಡಿಯ ಬಸ್ ಸ್ಟಾಪಿನಲ್ಲಿ ನಿಮ್ಮನ್ನು ಕಂಡೆ. ಎದೆಯೆತ್ತರಕ್ಕೆ ಬೆಳವಣಿಗೆ ನಿಂತುಹೋದ ಮಗಳ ಕೈ ನಿಮ್ಮ ಕೈಯಲ್ಲಿತ್ತು. ಪಕ್ಕದ ಹೆಂಗಸು ಏನೋ ಕೇಳಿದಳು. ನೀವೆಂದಿರಿ, "ಸಣ್ಣಾಕಿ ಇದ್ದಾಗ ರಿಪೋರ್ಟ್ ಕೇಳಾಕ ನಾನ ಹೋಗಲಿಲ್ರೀ. ನಂದ ತಪ್ಪು."

ಬಂದಿದ್ದೆನೆಂದು ಹೇಳಿದ್ದವರು ನೀವು. ನಿಮ್ಮ ನೆನಪನ್ನೇ ನೀವು ನಂಬದಂತೆ ಮಾಡಿಬಿಟ್ಟೆನಲ್ಲ! ಬಸ್ಸು ಬಂತು, ಹತ್ತಿದಿರಿ. ನಾನು ಸ್ಟಾಪಿನಲ್ಲೇ ಉಳಿದೆ.

ಈಗ ನಿಮ್ಮ ಮನೆ ಯಾವ ಓಣಿಯಲ್ಲಿದೆ ಎಂದು ವಿಚಾರಿಸಿಕೊಂಡಿದ್ದೇನೆ. ನಾಳೆ ಬೆಳಗ್ಗೆ ಬರುತ್ತೇನೆ, ವರದಿಯನ್ನೂ ತರುತ್ತೇನೆ. ಕ್ಷಮಿಸಿ ಎನ್ನುವುದಿಲ್ಲ, ಹಾಗೆ ಕೇಳಿದರೆ ಕ್ಷಮಿಸುವ ಭಾರವೂ ನಿಮ್ಮ ಮೇಲೆಯೇ ಬೀಳುತ್ತದೆ. ನಿಮಗೆ ಓದಲು ಬಾರದ್ದರಿಂದ ಇದನ್ನೆಲ್ಲ ನಿಮ್ಮ ಮುಂದೆ, ನಿಮ್ಮ ಓಣಿಯವರ ಮುಂದೆ, ನಾನೇ ಓದುತ್ತೇನೆ. ಎಲ್ಲಕ್ಕಿಂತ ಮೊದಲು, ಫೈಲಿನ ಆ ಹಾಳೆಯಲ್ಲಿ ಇರಬೇಕಾಗಿದ್ದ ಸಾಲನ್ನು ಓದುತ್ತೇನೆ:

ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆ. ಮಗುವಿನ ತಾಯಿ ನೀಲಮ್ಮ ವರದಿ ಕೇಳಿಕೊಂಡು ಬಂದಿದ್ದರು.